ಈ ಒಂದು ಸಲ, ಎಲ್ಲರೂ ಬದುಕುತ್ತಾರೆ

ನಮಸ್ಕಾರ. ಶಿಡ್ಲಘಟ್ಟದಿಂದ ಮಾತಾಡ್ತಾ ಇದ್ದೇನೆ. ಹಿಂದೆ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಮಷಿನ್ ಸದ್ದು ಕೇಳಿಸಿದರೆ ಸಹಿಸಿಕೊಳ್ಳಿ. ಪಕ್ಕದ ಮನೆಯವರ ಅನ್ನ ಅದು, ನನ್ನ ರೆಕಾರ್ಡಿಂಗ್‌ಗೋಸ್ಕರ ನಿಲ್ಲಿಸಿ ಅನ್ನೋಕಾಗಲ್ಲ.

ಇವತ್ತು ಒಂದೇ ಕಥೆಯ ಬಗ್ಗೆ ಮಾತು. ‘ಡಾಕ್ಟರ್ ಹೂ’ ಅನ್ನೋದು ಬ್ರಿಟಿಷ್ ಟಿವಿ ಸರಣಿ, ನೀಲಿ ಪೆಟ್ಟಿಗೆಯೊಂದರಲ್ಲಿ ಕಾಲದಿಂದ ಕಾಲಕ್ಕೆ ಓಡಾಡುವ ‘ಡಾಕ್ಟರ್’ ಅದರ ನಾಯಕ. ಅದರಲ್ಲಿ ಬಂದ ‘ದಿ ಎಂಪ್ಟಿ ಚೈಲ್ಡ್’, ಅದರ ಮುಂದುವರಿಕೆ ‘ದಿ ಡಾಕ್ಟರ್ ಡಾನ್ಸಸ್’. 2005ರ ಮೇ ತಿಂಗಳಲ್ಲಿ ಬಂದ ಕಂತುಗಳು. ಬರೆದವರು ಸ್ಟೀವನ್ ಮೊಫಾಟ್, ಮರುವರ್ಷ ವಿಜ್ಞಾನ ಕಥೆಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿಯೂ ಸಿಕ್ಕಿತು. ಕಥೆಯ ಗುಟ್ಟೆಲ್ಲ ಹೇಳಿಬಿಡ್ತೇನೆ. ಇಷ್ಟು ವರ್ಷ ನೋಡದೇ ಇರೋದು ನಿಮ್ಮ ತಪ್ಪು.

ನಾನು ಇದನ್ನು ಮೊದಲೇ ನಾಲ್ಕೈದು ಸಲ ನೋಡಿದ್ದೆ. ಆದರೆ ಅರ್ಥವಾಗಿದ್ದು ಹೋದ ತಿಂಗಳು, ನಮ್ಮ ಅಜ್ಜಿ ಪಕ್ಕ ಕೂತು ನೋಡಿದಾಗ. ರಾತ್ರಿ ಕರೆಂಟ್ ಹೋಗಿತ್ತು. ಲ್ಯಾಪ್‌ಟಾಪ್‌ನಲ್ಲಿ ಹಾಕಿಕೊಂಡಿದ್ದೆ. ಅಜ್ಜಿಗೆ ಇಂಗ್ಲಿಷ್ ಬರಲ್ಲ. ಬೇರೆ ಬೆಳಕಿಲ್ಲ ಅಂತ ಬಂದು ಕೂತರು, ಅಷ್ಟೇ.

1941. ಲಂಡನ್ ಮೇಲೆ ಜರ್ಮನಿಯ ವಿಮಾನಗಳು ಬಾಂಬ್ ಹಾಕುತ್ತಿವೆ. ಕತ್ತಲ ಬೀದಿಯಲ್ಲಿ ಒಂದು ಪುಟ್ಟ ಹುಡುಗ. ಮುಖಕ್ಕೆ ಗ್ಯಾಸ್ ಮಾಸ್ಕ್. ಎದುರಿಗೆ ಸಿಕ್ಕವರನ್ನೆಲ್ಲ ಒಂದೇ ಪ್ರಶ್ನೆ ಕೇಳ್ತಾನೆ, ‘ನೀನು ನನ್ನ ಮಮ್ಮಿನಾ?’ ಅದನ್ನು ಅಜ್ಜಿಗೆ ಯಾರೂ ಅನುವಾದ ಮಾಡಿ ಹೇಳಬೇಕಿರಲಿಲ್ಲ. ಆ ಮಾಸ್ಕಿನ ಬಗ್ಗೆ ಒಂದು ಮಾತು. ಯುದ್ಧ ಶುರುವಾಗುವ ಮೊದಲೇ ಬ್ರಿಟನ್ ಸರ್ಕಾರ ಸುಮಾರು 3.8 ಕೋಟಿ ಮಾಸ್ಕ್ ಹಂಚಿತ್ತು. ಕೊನೆಗೆ ವಿಷಾನಿಲದ ದಾಳಿ ಆಗಲೇ ಇಲ್ಲ. ಕಾಪಾಡಲಿ ಅಂತ ಮಗುವಿಗೆ ಹಾಕಿದ ವಸ್ತುವೇ ಈ ಕಥೆಯಲ್ಲಿ ದೆವ್ವದ ಮುಖ.

ಆ ಹುಡುಗನನ್ನು ಮುಟ್ಟಿದವರು ಅವನ ಹಾಗೇ ಆಗುತ್ತಾರೆ. ಅದೇ ಗಾಯ, ಅದೇ ಜಾಗದಲ್ಲಿ. ಅದೇ ಮಾಸ್ಕ್, ಚರ್ಮಕ್ಕೇ ಬೆಸೆದುಕೊಂಡು. ಆಸ್ಪತ್ರೆ ತುಂಬ ಅಂಥವರೇ ಮಲಗಿದ್ದಾರೆ. ಅವರನ್ನು ನೋಡಿಕೊಳ್ಳಲು ಉಳಿದಿರುವುದು ಒಬ್ಬ ಮುದಿ ವೈದ್ಯ. ಯುದ್ಧಕ್ಕೆ ಮುಂಚೆ ನಾನು ಅಪ್ಪ ಆಗಿದ್ದೆ, ತಾತ ಆಗಿದ್ದೆ, ಈಗ ಎರಡೂ ಅಲ್ಲ, ಆದರೆ ಇನ್ನೂ ಡಾಕ್ಟರೇ ಅಂತಾನೆ. ಸ್ವಲ್ಪ ಹೊತ್ತಿಗೆ ಅವನ ಬಾಯೊಳಗಿಂದಲೇ ಮಾಸ್ಕ್ ಹೊರಗೆ ಬರುತ್ತದೆ. ನಾನು ಅಜ್ಜಿಯ ಕಡೆ ತಿರುಗಿದೆ, ಹೆದರಿದರೇನೋ ಅಂತ. ಅವರು ‘ಸುಣ್ಣಕಟ್ಟು’ ಅಂದರು.

ಹುಳ ಸಾಕಿದವರಿಗೆ ಗೊತ್ತು. ಒಂದು ರೇಷ್ಮೆ ಹುಳಕ್ಕೆ ಸುಣ್ಣಕಟ್ಟು ಬಂದರೆ ಪಕ್ಕದ್ದಕ್ಕೂ ಬರುತ್ತದೆ. ಸತ್ತ ಹುಳ ಬಿಳೀ ಸುಣ್ಣದ ಕಡ್ಡಿ ಥರ ಬಿರುಸಾಗುತ್ತದೆ. ಎಲ್ಲ ಒಂದೇ ಥರ ಕಾಣುತ್ತವೆ. ಯಾವುದು ಯಾವುದು ಅಂತ ಇರಲ್ಲ. ಮೂವತ್ತು ವರ್ಷ ಹುಳ ಮೇಯಿಸಿದ ಕೈ ಅವರದು, ಆ ಭಯ ಅವರಿಗೆ ಹೊಸದಲ್ಲ.

ಆದರೆ ಇದು ರೋಗ ಅಲ್ಲ. ಬೇರೆ ಲೋಕದ ಒಂದು ಆಂಬುಲೆನ್ಸ್ ಲಂಡನ್ನಿಗೆ ಬಂದು ಬಿದ್ದಿದೆ. ಅದರೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ರೋಬೋಗಳು, ಗಾಯ ವಾಸಿ ಮಾಡುವುದಷ್ಟೇ ಅವುಗಳ ಕೆಲಸ. ಅವು ಮನುಷ್ಯನನ್ನು ಹಿಂದೆ ನೋಡೇ ಇಲ್ಲ. ಮೊದಲು ಸಿಕ್ಕಿದ್ದೇ ಬಾಂಬಿಗೆ ಸತ್ತ ಈ ಮಗು. ಓಹೋ, ಮನುಷ್ಯ ಅಂದರೆ ಹೀಗೆ, ಮುಖಕ್ಕೆ ಮಾಸ್ಕ್ ಇರುತ್ತೆ, ಅಂದುಕೊಂಡವು. ಅವನನ್ನು ಹಾಗೇ ಎಬ್ಬಿಸಿ ನಿಲ್ಲಿಸಿದವು. ಆಮೇಲೆ ಊರಿನವರನ್ನೆಲ್ಲ ‘ಸರಿ’ ಮಾಡಲು ಹೊರಟವು. ಅಂದರೆ ಈ ಕಥೆಯಲ್ಲಿ ಕೆಟ್ಟವರೇ ಇಲ್ಲ. ಆಗುತ್ತಿರುವುದೆಲ್ಲ ಉಪಕಾರ.

ನನಗೆ ಈ ಕಥೆ ಇಷ್ಟ ಆಗೋದು ಇಲ್ಲಿಗೇ. ಸಾಮಾನ್ಯವಾಗಿ ಏನು ಮಾಡ್ತಾರೆ? ಒಂದು ಗಂಟೆ ಹೆದರಿಸಿ, ಕೊನೇ ಐದು ನಿಮಿಷ ಸಮಾಧಾನಕ್ಕೆ ಅಂತ ನಗಿಸಿ ಕಳಿಸ್ತಾರೆ. ಊಟ ಆದಮೇಲೆ ಬೀಡಾ ಕೊಟ್ಟ ಹಾಗೆ. ಇಲ್ಲಿ ಖುಷಿ ಹೊರಗಿಂದ ಬಂದಿದ್ದಲ್ಲ. ಹೆದರಿಸಿದ ರೋಬೋಗಳೇ ಕೊನೆಗೆ ಕುಣಿಸುತ್ತವೆ. ಹೆದರಿಸಿದ ಪ್ರಶ್ನೆಗೇ ಉತ್ತರ ಸಿಗುತ್ತದೆ.

ಆ ಉತ್ತರ ಇರುವುದು ನ್ಯಾನ್ಸಿ ಹತ್ತಿರ. ಸೈರನ್ ಕೂಗಿ ಮನೆಯವರೆಲ್ಲ ಶೆಲ್ಟರ್‌ಗೆ ಓಡಿದಾಗ, ಬೀದಿ ಮಕ್ಕಳನ್ನು ಆ ಖಾಲಿ ಮನೆಗೆ ಕರೆದುಕೊಂಡು ಹೋಗಿ, ಟೇಬಲ್ ಮೇಲಿನ ಊಟ ಬಡಿಸುವ ಹುಡುಗಿ. ಕರೆಯದ ಮದುವೆಗೆ ಹೋಗಿ ಪಂಕ್ತಿಯಲ್ಲಿ ಕೂತವರಿಗೆ ಆ ದೃಶ್ಯ ಬೇಗ ಅರ್ಥ ಆಗುತ್ತದೆ. (ನಾನಂತೂ ಕೂತಿದ್ದೇನೆ.) ಮಾಸ್ಕಿನ ಹುಡುಗ ನನ್ನ ತಮ್ಮ ಅಂತ ಅವಳು ಎಲ್ಲರಿಗೂ ಹೇಳಿದ್ದಾಳೆ. ಅವನು ಬಂದು ಬಾಗಿಲು ಬಡಿದರೆ ನಡುಗುತ್ತಾಳೆ.

‘ಅವಳೇ ಕಣೋ ಅದರ ತಾಯಿ’ ಅಂದರು ಅಜ್ಜಿ.

ಕಥೆಯ ನಾಯಕ ಡಾಕ್ಟರಿಗೇ ಅದು ಗೊತ್ತಾಗಲು ಇನ್ನೂ ಬಹಳ ಹೊತ್ತಿತ್ತು. ಹೇಗೆ ಗೊತ್ತಾಯ್ತು ಅಂದೆ. ‘ತಮ್ಮ ಬಾಗಿಲು ಬಡಿದರೆ ಅಕ್ಕ ಬೈತಾಳೆ. ಹಿಂಗ್ ಅಳಲ್ಲ.’

ಮದುವೆಯಾಗದೆ, ಇನ್ನೂ ಹುಡುಗಿಯಾಗಿದ್ದಾಗಲೇ ಹೆತ್ತ ಮಗು. ಮರ್ಯಾದೆಗೆ ಅಂಜಿ ತಮ್ಮ ಅಂದಿದ್ದಾಳೆ. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕಡೆಯವರು ಲಂಡನ್ನಿಗೆ ಹೋಗಬೇಕಾಗಿಲ್ಲ, ಅಲ್ವಾ? ಕೊನೆಗೆ ಅವಳು ಮುಂದೆ ಬಂದು, ಹೌದು, ನಾನೇ ನಿನ್ನ ಮಮ್ಮಿ ಅಂತ ತಬ್ಬಿಕೊಳ್ಳುತ್ತಾಳೆ. ರೋಬೋಗಳು ತಾಯಿ, ಮಗು ಇಬ್ಬರನ್ನೂ ಹೋಲಿಸಿ ನೋಡುತ್ತವೆ. ತಾಯಿಯ ಮೈಯಲ್ಲಿ ಸರಿಯಾದ ನಕ್ಷೆ ಸಿಗುತ್ತದೆ. ಬಂಗಾರದ ಹೊಗೆಯಂತೆ ಅವು ಸುತ್ತುತ್ತಿರುವಾಗ ಡಾಕ್ಟರ್ ಬೇಡಿಕೊಳ್ಳುತ್ತಾನೆ, ಇಂಥದ್ದೊಂದು ದಿನ ಕೊಡು ನನಗೆ ಅಂತ. ಇವನು ತನ್ನ ಜನರನ್ನೆಲ್ಲ ಬೇರೊಂದು ಯುದ್ಧದಲ್ಲಿ ಕಳೆದುಕೊಂಡು ಬಂದವನು. ಕ್ರಿಸ್ಟೋಫರ್ ಎಕಲ್‌ಸ್ಟನ್ ಅದನ್ನು ಮುಖದಲ್ಲೇ ತೋರಿಸುತ್ತಾರೆ. ಮಾಸ್ಕ್ ಕಳಚುತ್ತದೆ. ಒಳಗೆ ಒಂದು ಮಗು, ಅಷ್ಟೇ.

ಆಮೇಲೆ ಒಬ್ಬ ಅಜ್ಜಿ ಬಂದು ವೈದ್ಯನಿಗೆ ಹೇಳುತ್ತಾಳೆ, ಬಂದಾಗ ನನಗೆ ಒಂದೇ ಕಾಲಿತ್ತು, ಈಗ ಎರಡಿವೆ. ಅವನು ಗಂಭೀರವಾಗಿ, ಯುದ್ಧದ ಕಾಲ ನೋಡಿ, ಎಣಿಸುವಾಗ ತಪ್ಪಿರಬಹುದಾ ಅಂತಾನೆ. ಇದನ್ನು ಅನುವಾದಿಸುವಾಗ ನನಗೇ ಮಾತು ಬರಲಿಲ್ಲ, ಅಷ್ಟು ನಗು.

ಎಲ್ಲರನ್ನೂ ಬದುಕಿಸಿಬಿಟ್ಟರೆ ಮೋಸ ಅಲ್ವಾ ಅಂತ ಕೇಳುವವರಿದ್ದಾರೆ. ನನಗೆ ಹಾಗನಿಸಲ್ಲ. ಆ ಬಾಂಬ್ ದಾಳಿಗಳಲ್ಲಿ ಬ್ರಿಟನ್ನಿನಲ್ಲಿ 40,000ಕ್ಕೂ ಹೆಚ್ಚು ಜನ ಸತ್ತರು. ಕಥೆ ಅದನ್ನು ಅಳಿಸಲ್ಲ. ಡಾಕ್ಟರ್ ಕೂಗುವುದು ‘ಈ ಒಂದು ಸಲ’ ಅಂತ. ಉಳಿದ ಸಲ ಏನಾಗುತ್ತದೆ ಅಂತ ಅವನಿಗೂ ಗೊತ್ತು. ನನ್ನ ತಕರಾರು ಬೇರೆ. ಮೊದಲ ಭಾಗದಲ್ಲಿ ಡಾಕ್ಟರ್ ಜೊತೆ ಬಂದ ರೋಸ್ ಅನ್ನೋ ಹುಡುಗಿ ಬಲೂನಿನ ಹಗ್ಗಕ್ಕೆ ಜೋತುಬಿದ್ದು ಲಂಡನ್ ಮೇಲೆ ಹಾರುವುದು, ಅಲ್ಲಿ ಸಿಕ್ಕ ಜ್ಯಾಕ್ ಜೊತೆಗಿನ ಆ ಸರಸ, ಎಲ್ಲ ಸ್ವಲ್ಪ ಜಾಸ್ತಿಯೇ ಆಯಿತು.

ಅಂದು ರಾತ್ರಿ ಪರದೆ ಮೇಲೆ ಡಾಕ್ಟರ್ ಖುಷಿಯಲ್ಲಿ ಕುಣಿಯುತ್ತಿದ್ದ. ಎಲ್ಲರೂ ಬದುಕಿದರು ಅಂತೆ ಅಜ್ಜಿ, ಅಂದೆ. ಅವರು ಒಪ್ಪಲಿಲ್ಲ.

‘ಇಲ್ಲ. ಆ ಬಾಂಬ್ ಎತ್ಕೊಂಡು ಹೋದ ಹುಡುಗ ಇನ್ನೂ ಬಂದಿಲ್ಲ.’

ಎಲ್ಲರನ್ನೂ ಉಳಿಸಲು ಬಾಂಬ್ ಹೊತ್ತುಕೊಂಡು ಹೋದ ಜ್ಯಾಕ್ ತನ್ನ ಆಕಾಶನೌಕೆಯಲ್ಲಿ ಒಬ್ಬನೇ ಕೂತು, ಸಾಯುವುದಕ್ಕೆ ತಯಾರಾಗಿ, ಕೈಯಲ್ಲಿ ಗ್ಲಾಸ್ ಹಿಡಿದಿದ್ದ. ಹಿಂದೆ ಹಾಡು ಕೇಳಿಸಿತು. ತಿರುಗಿ ನೋಡಿದರೆ ನೀಲಿ ಪೆಟ್ಟಿಗೆಯ ಬಾಗಿಲು ತೆರೆದಿದೆ, ಒಳಗೆ ಡಾಕ್ಟರ್, ರೋಸ್ ಇಬ್ಬರೂ ಕುಣಿಯುತ್ತಿದ್ದಾರೆ.

‘ಹ್ಞಾ, ಈಗ ಲೆಕ್ಕ ಸರಿಹೋಯ್ತು’ ಅಂತ ಅಜ್ಜಿ ಎದ್ದರು. ‘ಏಳು, ಮುದ್ದೆ ಆರಿಹೋಗ್ತದೆ.’