ಟಿಪ್ಪುವಿನ ಡೇರೆ, ಪೊವಿಸ್‌ನ ಹುಲ್ಲುಹಾಸು

ಎಲ್ಲರಿಗೂ ನಮಸ್ಕಾರ. ಶ್ರೀರಂಗಪಟ್ಟಣದಲ್ಲಿ ನಿಂತು ಟಿಪ್ಪು ಯಾರು ಅಂತ ನಾನು ಹೇಳಬೇಕಾಗಿಲ್ಲ. 1799ರ ಮೇ 4ರಂದು ಏನಾಯಿತು ಅನ್ನುವುದು ಇಲ್ಲಿನ ಮಕ್ಕಳಿಗೂ ಗೊತ್ತು. ನನ್ನದು ಆಮೇಲಿನ ಕಥೆ. ಇಲ್ಲಿಂದ ಹೋದ ಸಾಮಾನು ಯಾರ ಮನೆ ಸೇರಿತು? ಅಲ್ಲಿ ಅದನ್ನು ಏನು ಮಾಡಿದರು?

ವೇಲ್ಸ್‌ನಲ್ಲಿ, ವೆಲ್ಷ್‌ಪೂಲ್ ಊರಿನ ಹತ್ತಿರ ಪೊವಿಸ್ ಕಾಸಲ್ ಇದೆ. ಕೆಂಪು ಕಲ್ಲಿನ ಹಳೇ ಕೋಟೆ. 1587ರಲ್ಲಿ ಹರ್ಬರ್ಟ್ ಮನೆತನದವರು ಕೊಂಡುಕೊಂಡು ವಾಸದ ಮನೆ ಮಾಡಿಕೊಂಡರು. ಮಹಡಿಯಲ್ಲಿ ಉದ್ದನೆಯ ಗ್ಯಾಲರಿ. ಒಂದು ಮಲಗುವ ಕೋಣೆಯಲ್ಲಂತೂ ಮಂಚದ ಮುಂದೆ ಕಟಕಟೆ! ಕೋರ್ಟಿನಲ್ಲಿ ಇರುತ್ತಲ್ಲ, ಹಾಗೆ. ನನಗಂತೂ ಅಲ್ಲಿ ನಿದ್ದೆ ಬರುತ್ತಿರಲಿಲ್ಲ.

ಒಂದು ತಪ್ಪು ತಿದ್ದಿಬಿಡುತ್ತೇನೆ. "ಟಿಪ್ಪು ಸಾಮಾನು ರಾಬರ್ಟ್ ಕ್ಲೈವ್ ಹೊತ್ತುಕೊಂಡು ಹೋದ" ಅಂತಾರೆ. ಪ್ಲಾಸಿಯ ಆ ಕ್ಲೈವ್ 1774ರಲ್ಲೇ ತೀರಿಕೊಂಡಿದ್ದ. ಟಿಪ್ಪು ಪಟ್ಟಕ್ಕೆ ಬಂದದ್ದು 1782ರಲ್ಲಿ. ಇಲ್ಲಿ ಬರುವವನು ಅವನ ಮಗ ಎಡ್ವರ್ಡ್, ಆಗ ಮದ್ರಾಸಿನ ಗವರ್ನರ್. 1784ರಲ್ಲಿ ಪೊವಿಸ್ ಮನೆಯ ಮಗಳು ಹೆನ್ರಿಯೆಟ್ಟಾಳನ್ನು ಮದುವೆಯಾಗಿದ್ದ. ಅವಳ ಕಡೆ ಮನೆತನದ ಹೆಸರು, ಇವನ ಕಡೆ ಅಪ್ಪ ಇಂಡಿಯಾದಲ್ಲಿ ಮಾಡಿದ ದುಡ್ಡು. ಸಂಬಂಧ ಕುದುರಿತು. ನಮ್ಮಲ್ಲೂ ನಡೆಯುತ್ತೆ, ಅಲ್ವಾ?

ಹೆನ್ರಿಯೆಟ್ಟಾ ಗಟ್ಟಿಗಿತ್ತಿ. 1800ರಲ್ಲಿ ಗಂಡನನ್ನು ಮದ್ರಾಸಿನಲ್ಲೇ ಬಿಟ್ಟು, ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ತಿಂಗಳುಗಟ್ಟಲೆ ಸುತ್ತಿದಳು. ಇದೇ ಊರಿಗೂ ಬಂದಿದ್ದಳು.

ಈಗ ಡೇರೆಗೆ ಬರೋಣ. ಪೊವಿಸ್‌ನಲ್ಲಿ ನಾನು ಜಾಸ್ತಿ ಹೊತ್ತು ನಿಂತದ್ದು ಅದರ ಮುಂದೆಯೇ. ದಂಡಿನ ಡೇರೆ ಅಂದರೆ ಖಾಕಿ ಗೋಣಿ ಅಂದುಕೊಂಡಿದ್ದೆ. ಇದು ಬಿಳಿ ನೆಲದ ಹತ್ತಿ ಬಟ್ಟೆ. ಅದರ ಮೇಲೆ ಸಾಲುಸಾಲು ಹೂದಾನಿ, ಒಂದೊಂದರಲ್ಲೂ ಕೆಂಪು ಹೂಗಳ ಗೊಂಚಲು. ಒಳಗೆ ಕೂತರೆ ತೋಟದಲ್ಲಿ ಕೂತ ಹಾಗೆ. ಇಂಗ್ಲಿಷಿನವರು ಈ ಬಟ್ಟೆಯನ್ನು ಚಿಂಟ್ಸ್ ಅನ್ನುತ್ತಾರೆ. ನಮ್ಮಜ್ಜಿ ಚೀಟಿ ಬಟ್ಟೆ ಅನ್ನುತ್ತಿದ್ದಳು. ಅವಳ ಲಂಗವೂ ಅದರದ್ದೇ. ಸಾವಿರಾರು ಮೈಲಿ ಹೋಗಿ ನಾನು ನೋಡಿದ್ದು ಅಜ್ಜಿಯ ಲಂಗದ ಅಣ್ಣನನ್ನು!

ಆ ಮನೆಯವರು ಈ ಡೇರೆಯನ್ನು ಏನು ಮಾಡಿದರು ಗೊತ್ತಾ? ಹುಲ್ಲುಹಾಸಿನ ಮೇಲೆ ಎತ್ತಿ ಕಟ್ಟಿ ಗಾರ್ಡನ್ ಪಾರ್ಟಿ ಮಾಡಿದರು. ಸುಲ್ತಾನನ ಡೇರೆ ಅವರ ಶಾಮಿಯಾನ ಆಯಿತು. ಅದಕ್ಕೇ ಹೇಳುವುದು, ವಸ್ತು ನೋಡಿ ಹಲ್ಲು ಕಡಿದು ಬಂದರೆ ಸಾಲದು. ಮನೆಯವರು ಅದನ್ನು ಹೇಗೆ ಬಳಸಿದರು, ಅದನ್ನು ಕೇಳಿ.

ಹುಲಿ ತಲೆಗೂ ಇದೇ ಪ್ರಶ್ನೆ. ಇಲ್ಲಿ ಸಿಂಹಾಸನ ಒಡೆದು ಹಂಚಿದರು. ಅದರ ಕಟಾಂಜನದ ಚಿಕ್ಕ ಹುಲಿ ತಲೆಗಳಲ್ಲಿ ಒಂದನ್ನು ಗವರ್ನರ್ ಜನರಲ್ ವೆಲ್ಲೆಸ್ಲಿ ಹೆನ್ರಿಯೆಟ್ಟಾಳಿಗೆ ಉಡುಗೊರೆ ಕೊಟ್ಟ. ರಾಜ್ಯ ಕಾಯಲಿ ಅಂತ ಮಾಡಿಸಿದ ಹುಲಿ, ಸ್ನೇಹಕ್ಕೆ ಕೊಡುವ ಸಾಮಾನಾಯಿತು.

ಅಧ್ಯಕ್ಷರಿಂದ ಚೀಟಿ ಬಂತು. ಬಟ್ಟೆಯಲ್ಲ, ಕಾಗದದ್ದು. ಎರಡೇ ನಿಮಿಷವಂತೆ! ಮೆಟ್ಟಿಲ ಗೋಡೆಯ ಮೇಲೆ ಲ್ಯಾನ್ಸ್‌ಕ್ರೂನ್ ಬರೆದ ಚಿತ್ರಗಳು, ಬೆಲ್ಲೊಟ್ಟೊ ಬರೆದ ವೆರೋನಾ ನಗರ, ಎಲ್ಲ ಇನ್ನೊಮ್ಮೆ. 1952ರಲ್ಲಿ ಮನೆ ನ್ಯಾಷನಲ್ ಟ್ರಸ್ಟ್‌ಗೆ, ಅಂದರೆ ಹಳೇ ಕಟ್ಟಡಗಳನ್ನು ಕಾಪಾಡುವ ಅಲ್ಲಿನ ಸಂಸ್ಥೆಗೆ, ಸೇರಿತು. ಟಿಕೆಟ್ ಕೊಟ್ಟರೆ ಯಾರು ಬೇಕಾದರೂ ನೋಡಬಹುದು.

ಕೊನೆಯ ಸ್ಲೈಡ್ ಹಾಕಪ್ಪಾ. ಅದೇ ಹುಲಿ. ಅಷ್ಟೇ ಚಿಕ್ಕದು, ಅಂಗೈಯಲ್ಲಿ ಕೂರುತ್ತೆ. ಚಿನ್ನ, ಮೇಲೆ ಮಾಣಿಕ್ಯ, ವಜ್ರ, ಪಚ್ಚೆ. ಹಿಂದಿನ ಸಾಲಿನವರಿಗೆ ಕಾಣಿಸುತ್ತಿದೆಯಾ? ಆ ಲೈಟ್ ಸ್ವಲ್ಪ ಆರಿಸಿ.