ಪರದೆಯ ಕೊಲೆ ಪುಟಕ್ಕೆ ಬರುವಾಗ

ಕೇಳುಗರೇ, ನಮಸ್ಕಾರ. ಟಿವಿಯಲ್ಲಿ ಬಂದ ಅಪರಾಧ ಧಾರಾವಾಹಿಯನ್ನು ಪತ್ತೇದಾರಿ ಕಾದಂಬರಿಯಾಗಿಸಲು ಕೂತವರು ಮೊದಲು ಎಡವುವುದು ಸುಳಿವಿನಲ್ಲಿ. ಪರದೆಯ ಮೇಲೆ ಸುಳಿವು ಎಲ್ಲೋ ಹಿಂದುಗಡೆ ಸುಮ್ಮನೆ ಇದ್ದುಬಿಡುತ್ತದೆ. ಪುಟದಲ್ಲಿ ಹಾಗಾಗದು. ಬರೆದರೆ ಓದುಗರ ಕಣ್ಣಿಗೆ ಬಿತ್ತು, ಬರೆಯದಿದ್ದರೆ ಆ ವಸ್ತುವೇ ಇಲ್ಲ.

ಉಡುಪಿಯ ಮೀನುಗಾರಿಕೆ ಬಂದರು ಮಲ್ಪೆಯಲ್ಲೊಂದು ಕೊಲೆ ಅಂತಿಟ್ಟುಕೊಳ್ಳಿ. 'ಅವರು ಸತ್ತ ದಿನ ನಾನು ಟ್ರಾಲ್ ಬೋಟಿನಲ್ಲಿ ಕಡಲಲ್ಲಿದ್ದೆ' ಅಂತಾನೆ ಒಬ್ಬ. ಸತ್ತವರ ಅಡುಗೆಮನೆಯಲ್ಲಿ ಪಾಲೆ ಕೆತ್ತೆಯ, ಅಂದರೆ ಪಾಲೆ ಮರದ ತೊಗಟೆಯ, ಕಷಾಯ ಕುಡಿದ ಲೋಟವಿದೆ. ತುಳುನಾಡಿನಲ್ಲಿ ಅದನ್ನು ಕುಡಿಯುವುದು ತುಳು ತಿಂಗಳು ಆಟಿಯ ಅಮಾವಾಸ್ಯೆಯಂದು. ಅಂದರೆ ಅದು ಆಟಿ ಅಮಾವಾಸ್ಯೆ. ಕಷಾಯ ಕುಡಿಯುವುದು ಬೆಳಗ್ಗೆ ಖಾಲಿ ಹೊಟ್ಟೆಗೆ, ಹಾಗಾಗಿ ಬೆಳಗ್ಗಿನವರೆಗೂ ಅವರು ಬದುಕಿದ್ದರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧ; ಟ್ರಾಲ್ ಬೋಟಿನಂಥ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಅವನ ಸುಳ್ಳು ಅಲ್ಲೇ ಸಿಕ್ಕಿತು.

ಆದರೆ ಇಸವಿ ನೋಡಿಕೊಳ್ಳಿ. 2025ರಲ್ಲಿ ಆಟಿ ಅಮಾವಾಸ್ಯೆ ಜುಲೈ 24ಕ್ಕೆ ಬಿತ್ತು, ಸುಳಿವು ಗಟ್ಟಿ. 2024ರಲ್ಲಿ ಅದು ಬಂದದ್ದು ಆಗಸ್ಟ್ ಮೊದಲ ವಾರ; ಅಷ್ಟೊತ್ತಿಗೆ ನಿಷೇಧ ಮುಗಿದಿತ್ತು, ಅವನ ಮಾತು ನಿಜವೂ ಆಗಬಹುದು. ಅವನ ಬಾಯಲ್ಲಿ 'ದೋಣಿ' ಅಂತ ಬಂದರೂ ಕೆಟ್ಟಿತು, ಯಂತ್ರವಿಲ್ಲದ ನಾಡದೋಣಿಗೆ ಆ ನಿಷೇಧ ಇಲ್ಲ.

ಇನ್ನು ಅಡಗಿಸುವ ಕೆಲಸ. 'ಮೇಜಿನ ಮೇಲೆ ಕಷಾಯದ ಲೋಟವಿತ್ತು' ಅಂತ ಬಿಡಿ ವಾಕ್ಯ ಬರೆದರೆ ಅದು ಬೆರಳು ಮಾಡಿ ತೋರಿಸಿದ ಹಾಗೆ. 'ಕವುಚಿಟ್ಟ ತಪಲೆ, ತಳದಲ್ಲಿ ಕಷಾಯ ಒಣಗಿದ ಲೋಟ, ಕೆನೆ ಕಟ್ಟಿದ ಮೆಂತೆಗಂಜಿ, ಒದ್ದೆಯಾದ ಬೆಂಕಿಪೆಟ್ಟಿಗೆ' ಅಂತ ಸಾಲಿನ ನಡುವೆ ಸೇರಿಸಿ. ಮರುವಾಕ್ಯದಲ್ಲೇ ಸತ್ತವರ ಮಗಳ ಫೋನ್ ಬರಲಿ. ಓದುಗರ ಮನಸ್ಸು ಅತ್ತ ಹೋಗುತ್ತದೆ. ಬೋಟಿನ ಮಾತು ಮೂವತ್ತು ನಲವತ್ತು ಪುಟ ದಾಟಿ ಬರಲಿ. ತಿಂಗಳ ಹೆಸರು ಅಲ್ಲಿಯತನಕ ಎಲ್ಲೂ ಬೇಡ. ಇದು ಮೋಸವಲ್ಲ, ಎಲ್ಲವನ್ನೂ ಓದುಗರ ಮುಂದೆಯೇ ಇಟ್ಟಿದ್ದೀರಿ. ಕೊಲೆಗಾರನ ಮನಸ್ಸಿನೊಳಗೆ ಹೊಕ್ಕು, ಕೊಲೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳುವುದು ಮಾತ್ರ ಶುದ್ಧ ಮೋಸ.

ಹಳೆಯ ಧಾರಾವಾಹಿಯ ಕಾನೂನನ್ನೂ ಹಾಗೇ ಎತ್ತಿಡಬೇಡಿ. 2024ರ ಜುಲೈ 1ರಿಂದೀಚಿನ ಕೊಲೆಗೆ ಹಳೆಯ ದಂಡ ಸಂಹಿತೆಯ ಸೆಕ್ಷನ್ 302 ಅಲ್ಲ, ಭಾರತೀಯ ನ್ಯಾಯ ಸಂಹಿತೆಯ 103. ಶವ ಮಹಜರಿಗೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 174ರ ಜಾಗದಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ 194. ಸತ್ತದ್ದು ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಅಂತ ಡಾಕ್ಟರ ಬಾಯಲ್ಲಿ ಹೇಳಿಸುವುದೂ ಬೇಡ. ಅವರು ಕೊಡುವುದು ಇಂತಿಷ್ಟರಿಂದ ಇಂತಿಷ್ಟರೊಳಗೆ ಅಂತ, ಅದೂ ಅಂದಾಜು.

ಪಾತ್ರದ ವಿಷಯದಲ್ಲಿ ಪರದೆಗೇ ತಲೆಬಾಗುವುದು ಲೇಸು. ಇಂಗ್ಲಿಷ್ ಪತ್ತೇದಾರಿ ಲೇಖಕ ಕಾಲಿನ್ ಡೆಕ್ಸ್ಟರ್ ಅವರ ಇನ್‌ಸ್ಪೆಕ್ಟರ್ ಮೋರ್ಸ್ ಮೊದಲ ಕಾದಂಬರಿಗಳಲ್ಲಿ ಓಡಿಸುತ್ತಿದ್ದದ್ದು ಲಾನ್ಸಿಯಾ ಕಾರು. 1987ರಲ್ಲಿ ಟಿವಿಗೆ ಬಂದಾಗ ಅದು ಕೆಂಪು ಜಾಗ್ವಾರ್ ಆಯಿತು. ಜನರ ಕಣ್ಣಲ್ಲಿ ಜಾಗ್ವಾರೇ ನಿಂತುಬಿಟ್ಟಿತು, ಮುಂದಿನ ಪುಸ್ತಕಗಳಲ್ಲಿ ಲೇಖಕರೇ ಕಾರು ಬದಲಿಸಿದರು. ನಿಮ್ಮ ಇನ್‌ಸ್ಪೆಕ್ಟರು ಪರದೆಯ ಮೇಲೆ ಬುಲೆಟ್ಟಿನಲ್ಲಿ ಬಂದಿದ್ದರೆ ಪುಸ್ತಕಕ್ಕೂ ಬುಲೆಟ್ಟಿನಲ್ಲೇ ಬರಲಿ. ನಮಸ್ಕಾರ.