ಮೊದಲು ಫೈಲ್, ಆಮೇಲೆ ಓಎಸ್, ಕೊನೆಗೆ ಲ್ಯಾಪ್‌ಟಾಪ್

ಎಲ್ಲರಿಗೂ ನಮಸ್ಕಾರ.

ಕಲಬುರಗಿಯ ಈ ಬಿಸಿಲಲ್ಲಿ ಮಧ್ಯಾಹ್ನದ ಹೊತ್ತು ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು. ಕಾಲೇಜಿನಲ್ಲಿ ಕಲಿಸುವವರಿದ್ದೀರಿ, ಎಂಜಿನಿಯರಿಂಗ್ ಓದುವವರಿದ್ದೀರಿ, ಡಿಟಿಪಿ ಅಂಗಡಿಯವರಿದ್ದೀರಿ, ದಾಲ್ ಮಿಲ್ಲಿನ ಲೆಕ್ಕ ಬರೆಯುವವರೂ ಇದ್ದೀರಿ. ನಿಮ್ಮೆಲ್ಲರ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. "ಸರ್, ಲ್ಯಾಪ್‌ಟಾಪ್ ಭಾಳ ಸ್ಲೋ ಆಗ್ಯಾದ್ರೀ. ಲಿನಕ್ಸ್ ಹಾಕ್ಲೇನು, ಹೊಸದೇ ತಗೊಳ್ಲೇನು?"

ಲಿನಕ್ಸ್ ಅಂದರೆ ವಿಂಡೋಸಿನ ಜಾಗಕ್ಕೆ ಹಾಕಬಹುದಾದ ಇನ್ನೊಂದು ಓಎಸ್, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ. ಉತ್ತರ ಕೊಡುವ ಮೊದಲು ಈ ಪ್ರಶ್ನೆಯ ಹಿಂದಿರುವ ಸಿಟ್ಟಿನ ಬಗ್ಗೆ ಎರಡು ಮಾತು. ಸಿಟ್ಟು ಬರುವುದು ತಪ್ಪಲ್ಲ. ವಿಂಡೋಸ್ 10 ಬಂದದ್ದು 2015ರ ಜುಲೈನಲ್ಲಿ. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ಮುಗಿಯಿತು. ಮನೆಬಳಕೆಯವರು ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತೆಯ ಅಪ್‌ಡೇಟ್ ಸಿಗುತ್ತದೆ, ಅಷ್ಟೇ. ವಿಂಡೋಸ್ 11ಕ್ಕೆ ಹೋಗೋಣ ಅಂದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದು ಅಥವಾ ಅದಕ್ಕಿಂತ ಹೊಸದು ಇರಬೇಕು. ಅಂದರೆ ಐ5-7200ಯು ಇರುವ ಲ್ಯಾಪ್‌ಟಾಪ್ ಪಟ್ಟಿಯಿಂದ ಹೊರಗೆ. ಕೀಬೋರ್ಡ್ ಚೆನ್ನಾಗಿದೆ, ಪರದೆ ಚೆನ್ನಾಗಿದೆ, ದಿನವೂ ಕೆಲಸ ಮಾಡುತ್ತಿದೆ. ಆದರೂ ಅದು ಹಳೆಯದಾಯಿತು ಅಂತ ಬೇರೆ ಯಾರೋ ತೀರ್ಮಾನ ಮಾಡಿದರು. ನಾವು ದುಡ್ಡು ಕೊಟ್ಟು ತಂದ ವಸ್ತುವಿನ ಆಯಸ್ಸನ್ನು ಇನ್ನೊಬ್ಬರು ನಿಗದಿ ಮಾಡಿದರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ?

ಆದರೆ ಸಿಟ್ಟು ಯಾರ ಮೇಲೆ ಅನ್ನುವುದನ್ನು ಮೊದಲು ಸರಿಯಾಗಿ ನೋಡಿಕೊಳ್ಳಬೇಕು. ನಿಧಾನ ಅನ್ನುವ ದೂರಿಗೆ ಎಷ್ಟೋ ಸಲ ಓಎಸ್ ಕಾರಣವೇ ಅಲ್ಲ. ಒಳಗೆ ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಇರುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು ಡಿಸ್ಕ್ ಅನ್ನುವ ಸಾಲು ನೋಡಿ. ಸುಮ್ನೆ ಕೂತಾಗಲೂ ಅದು 100ರ ಹತ್ತಿರವೇ ಇದ್ದರೆ ರೋಗ ಸಿಕ್ಕಿತು. ಆ ಡಿಸ್ಕ್ ತೆಗೆದು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್, ಹಾಕಿಸಿ. 4 ಜಿಬಿ ರ‍್ಯಾಮ್ ಇದ್ದರೆ 8 ಮಾಡಿಸಿ. ನಮ್ಮ ಊರಿನ ಸೂಪರ್ ಮಾರ್ಕೆಟ್ ಪೇಟೆಯ ಕಡೆ ಹೋದರೆ ನಿಮ್ಮೆದುರೇ ಬಿಚ್ಚಿ ಹಾಕಿಕೊಡುವ ಹುಡುಗರಿದ್ದಾರೆ. ಇಷ್ಟಕ್ಕೇ ಸಿಟ್ಟು ಇಳಿದುಹೋದವರನ್ನು ನಾನು ಕಂಡಿದ್ದೇನೆ. ಅವರಿಗೆ ಲಿನಕ್ಸೂ ಬೇಡ, ಹೊಸ ಲ್ಯಾಪ್‌ಟಾಪೂ ಬೇಡ.

ಇಷ್ಟಾದ ಮೇಲೂ ಬದಲಿಸಬೇಕು ಅನ್ನಿಸಿದರೆ ನನ್ನ ಮಾತು ಒಂದೇ: ಮೊದಲು ನಿಮ್ಮ ಫೈಲುಗಳನ್ನು ಬಿಡಿಸಿಕೊಳ್ಳಿ. ಮನೆ ಬದಲಿಸುವವರು ಮೊದಲು ಸಾಮಾನು ಕಟ್ಟುತ್ತಾರೆ, ಆಮೇಲೆ ಟೆಂಪೋ ಕರೆಯುತ್ತಾರೆ. ನಾವು ಕಂಪ್ಯೂಟರಿನ ವಿಷಯದಲ್ಲಿ ಇದನ್ನು ತಿರುವುಮುರುವು ಮಾಡುತ್ತೇವೆ. ಮೊದಲು ಯಂತ್ರ ತರುತ್ತೇವೆ, ಫೈಲ್ ತೆರೆಯುವುದಿಲ್ಲ ಅಂತ ಆಮೇಲೆ ಗೊತ್ತಾಗುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವ ನಮಗೆ ಈ ತೊಂದರೆ ಬೇರೆಯವರಿಗಿಂತ ಜಾಸ್ತಿ. ಅದಕ್ಕೊಂದು ಇತಿಹಾಸ ಇದೆ. ಯೂನಿಕೋಡ್ ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಜಾಗತಿಕ ಪದ್ಧತಿ. ಅದರ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ ಜಾಗ ಇತ್ತು. ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಶುರು ಮಾಡಿದ್ದೂ ಅದೇ ವರ್ಷ. ಆದರೆ ಒತ್ತಕ್ಷರ, ಗುಣಿತಾಕ್ಷರಗಳನ್ನು ಯೂನಿಕೋಡಿನಲ್ಲಿ ಸರಿಯಾಗಿ ಜೋಡಿಸಿ ತೋರಿಸುವುದು ವಿಂಡೋಸಿಗೆ ಸಾಧ್ಯವಾದದ್ದು 2001ರ ಎಕ್ಸ್‌ಪಿಯ ಹೊತ್ತಿಗೆ, ತುಂಗಾ ಅನ್ನುವ ಕನ್ನಡ ಫಾಂಟ್ ಬಂದಾಗ. ಅಲ್ಲಿಯವರೆಗೆ ಕನ್ನಡಿಗರು ಕೈಕಟ್ಟಿ ಕೂರಲಿಲ್ಲ. 1998ರಲ್ಲಿ ಕನ್ನಡ ಟೈಪ್ ಮಾಡುವ ಬರಹ ಅನ್ನುವ ತಂತ್ರಾಂಶ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಬಂತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಇವತ್ತಿಗೂ ನಮ್ಮ ಟೈಪ್ ಮಾಡುವವರ ಬೆರಳಲ್ಲಿ ಕೂತಿದೆ. ಆ ಕಾಲಕ್ಕೆ ಅದು ದೊಡ್ಡ ಕೆಲಸ. ಅದನ್ನು ಮಾಡಿದವರಿಗೆ ನಾವು ಋಣಿಗಳು.

ಆ ಹಳೆಯ ಪದ್ಧತಿ ಹೇಗಿತ್ತು ಅಂದರೆ, ಫೈಲಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಮೇಲೆ ಕನ್ನಡದ ರೂಪ ತೊಡಿಸುವುದು ನುಡಿಯ ಫಾಂಟ್. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ "ಕನ್ನಡ" ಅನ್ನುವ ಪದದ ಜಾಗದಲ್ಲಿ ಒಂದು ಪಿ, ತಲೆಯ ಮೇಲೆ ಗೀಟು ಎಳೆದ ಎ, ಒಂದು ಪೌಂಡ್ ಗುರುತು ಕಾಣಿಸುತ್ತವೆ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಇಂಥ ಫೈಲುಗಳು ರಾಶಿ ಬಿದ್ದಿವೆ. ಮದುವೆ ಕಾರ್ಡಿನಿಂದ ಹಿಡಿದು ಪಿಎಚ್‌ಡಿ ಪ್ರಬಂಧದವರೆಗೆ, ವಚನಗಳ ಮೇಲಿನ ಲೇಖನಗಳು, ಜಾತ್ರೆಯ ಕರಪತ್ರ, ಸ್ಮರಣ ಸಂಚಿಕೆ, ಎಲ್ಲವೂ. ಪುಟ ಕಟ್ಟುವ ಪೇಜ್‌ಮೇಕರ್ ತಂತ್ರಾಂಶ ಬಿಡಲಾಗದೆ ಈ ಹಳೆಯ ಸಂಕೇತವನ್ನೇ ಹಿಡಿದುಕೊಂಡವರಿದ್ದಾರೆ. ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಗೊತ್ತೇ ಇಲ್ಲ. ಹಾಗಾಗಿ ಇಷ್ಟು ವರ್ಷವಾದರೂ ಹಳೆಯ ಸಂಕೇತದಲ್ಲೇ ಹೊಸ ಫೈಲುಗಳು ಹುಟ್ಟುತ್ತಿವೆ.

ಇದರ ಬಗ್ಗೆ ನನಗೆ ನಿಜವಾಗಿ ಕಳವಳ ಇದೆ. ಹಳೆಯ ಸಂಕೇತದ ಫೈಲಿನಲ್ಲಿ ಕನ್ನಡದ ಪದ ಹುಡುಕಲು ಆಗುವುದಿಲ್ಲ. ಮೊಬೈಲಿಗೆ ಕಳಿಸಿದರೆ ಓದಲು ಬರುವುದಿಲ್ಲ. ಇಪ್ಪತ್ತು ವರ್ಷ ಕೂತು ಬರೆದ ಕೆಲಸ ಒಂದು ಫಾಂಟಿಗೆ, ಒಂದು ತಂತ್ರಾಂಶಕ್ಕೆ ಕಟ್ಟಿಹಾಕಿಕೊಂಡು ಕೂತಿರುತ್ತದೆ. ಹಾಗಾಗಿ ಇವತ್ತೇ ಶುರು ಮಾಡಿ. ನುಡಿಯಲ್ಲೇ ಯೂನಿಕೋಡಿಗೆ ಬದಲಿಸುವ ಸೌಲಭ್ಯ ಇದೆ. ಬದಲಿಸಿದ ಮೇಲೆ ಒಮ್ಮೆ ಕಣ್ಣಾಡಿಸಿ, ಯಾಕಂದರೆ ಅರ್ಕಾವತ್ತು ಮತ್ತು ಕೆಲವು ಒತ್ತುಗಳು ಅಲ್ಲಲ್ಲಿ ತಪ್ಪಬಹುದು. ಹಳೆಯ ಮೂಲ ಫೈಲನ್ನು ಅಳಿಸಬೇಡಿ, ಬೇರೆ ಫೋಲ್ಡರಿನಲ್ಲಿ ಇರಲಿ. ಪುಸ್ತಕದ ಪುಟ ಕಟ್ಟುವವರಿಗೆ ಇನ್‌ಡಿಸೈನ್ ಈಗ ಕನ್ನಡ ಯೂನಿಕೋಡನ್ನು ಜೋಡಿಸುತ್ತದೆ. ದುಡ್ಡು ಕೊಡಲು ಇಷ್ಟವಿಲ್ಲದವರು 2024ರಲ್ಲಿ ಬಂದ ಸ್ಕ್ರೈಬಸ್ 1.6 ನೋಡಿ. ಅದು ಲಿನಕ್ಸಿನಲ್ಲೂ ನಡೆಯುತ್ತದೆ, ವಿಂಡೋಸಿನಲ್ಲೂ ನಡೆಯುತ್ತದೆ.

ಫೈಲುಗಳು ಯೂನಿಕೋಡ್ ಆದವು ಅನ್ನಿ. ಆಗ ಓಎಸ್ ಯಾವುದಾದರೂ ನಿಮ್ಮ ಬರಹ ನಿಮ್ಮ ಕೈಯಲ್ಲಿ ಇರುತ್ತದೆ. ನಾನು ಹಳೆಯ ವ್ಯವಸ್ಥೆಗೆ ಬೇಸತ್ತು ಲಿನಕ್ಸಿನ ಒಂದು ರೂಪವಾದ ಮಿಂಟ್‌ಗೆ ಬಂದವನು, ನೆಮ್ಮದಿಯಿಂದ ಇದ್ದೇನೆ. ಹಾಗಂತ ಎಲ್ಲರಿಗೂ ಅದನ್ನೇ ಹೇಳುವುದಿಲ್ಲ.

ದಾಲ್ ಮಿಲ್ಲಿನವರು ಇಲ್ಲಿ ಮುಂದೆಯೇ ಕೂತಿದ್ದೀರಿ, ನಿಮಗೆ ನೇರವಾಗಿ ಹೇಳುತ್ತೇನೆ. ನಿಮ್ಮ ಲೆಕ್ಕ ಟ್ಯಾಲಿಯಲ್ಲಿದ್ದರೆ ಆ ಯಂತ್ರದಲ್ಲಿ ವಿಂಡೋಸ್ ಇರಲಿ. ಟ್ಯಾಲಿ ಮಾಡಿದ್ದು ವಿಂಡೋಸಿಗಾಗಿ. ವೈನ್ ಅನ್ನುವ ತಂತ್ರಾಂಶ ಹಾಕಿ ಲಿನಕ್ಸಿನಲ್ಲಿ ಹೇಗೋ ಓಡಿಸಬಹುದು ಅನ್ನುವವರಿದ್ದಾರೆ. ತಿಂಗಳ 20ನೇ ತಾರೀಖು ಜಿಎಸ್‌ಟಿ ರಿಟರ್ನ್ ತುಂಬಬೇಕಾದ ಅಂಗಡಿಗೆ "ಹೇಗೋ" ಅನ್ನುವುದು ಸಾಲದು. ಆಟೊಕ್ಯಾಡ್, ಸಾಲಿಡ್‌ವರ್ಕ್ಸ್ ಬೇಕೇ ಬೇಕು ಅನ್ನುವ ಸಿವಿಲ್, ಮೆಕ್ಯಾನಿಕಲ್ ವಿದ್ಯಾರ್ಥಿಗಳಿಗೂ ಇದೇ ಮಾತು. ಕಂಪ್ಯೂಟರ್ ಸೈನ್ಸ್ ಹುಡುಗರಿಗೆ ಮಾತ್ರ ನನ್ನ ಸಲಹೆ ಉಲ್ಟಾ. ನೀವು ಕಲಿಯುವ ಸಿ, ಪೈಥಾನ್, ಸರ್ವರ್ ಕೆಲಸ ಎಲ್ಲದಕ್ಕೂ ಲಿನಕ್ಸ್ ತವರುಮನೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಲಿನಕ್ಸಿನಲ್ಲೇ ಕಲಿಯುತ್ತಿದ್ದಾರೆ. ನಮ್ಮ ಮಕ್ಕಳಿಗೆ ಇದು ಕಷ್ಟ ಅಂತ ನಾನು ಒಪ್ಪುವುದಿಲ್ಲ.

ಪಾಠ ಮಾಡುವವರು, ಬರೆಯುವವರು, ಇಂಟರ್ನೆಟ್ಟಿನಲ್ಲೇ ಹೆಚ್ಚಿನ ಕೆಲಸ ಇರುವವರು ಧೈರ್ಯವಾಗಿ ಬರಬಹುದು. ವರ್ಡ್ ಜಾಗಕ್ಕೆ ಲಿಬ್ರೆ ಆಫೀಸ್ ಇದೆ. ಕನ್ನಡ ಟೈಪ್ ಮಾಡಲು ಐಬಸ್, ಎಂ17ಎನ್ ಅನ್ನುವ ಎರಡು ಹೆಸರು ನೆನಪಿಟ್ಟುಕೊಳ್ಳಿ. ಅದರಲ್ಲಿ ಕೆಜಿಪಿ (ಕನ್ನಡ ಗಣಕ ಪರಿಷತ್ತು) ಅಂತ ಆರಿಸಿದರೆ ನಿಮಗೆ ಅಭ್ಯಾಸವಾದ ನುಡಿ ಕೀಲಿಮಣೆಯೇ ಸಿಗುತ್ತದೆ, ಬೆರಳಿಗೆ ಹೊಸ ಪಾಠ ಬೇಡ. ಅಕ್ಷರಗಳಿಗೆ ಲೋಹಿತ್, ಗುಬ್ಬಿ, ನವಿಲು, ನೋಟೊ ಫಾಂಟುಗಳಿವೆ. ಎಲ್ಲ ಉಚಿತ.

ಹಾಕುವ ಮೊದಲು ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಿ. ಹಾರ್ಡ್ ಡಿಸ್ಕ್ ಮುಟ್ಟದೆಯೇ ಇಡೀ ಮಿಂಟ್ ತೆರೆದುಕೊಳ್ಳುತ್ತದೆ. ಆಗ ವೈಫೈ ಹಿಡಿಯುತ್ತದಾ, ಧ್ವನಿ ಬರುತ್ತದಾ, ಮುಚ್ಚಳ ಮುಚ್ಚಿ ತೆಗೆದರೆ ಎಚ್ಚರವಾಗುತ್ತದಾ ಅಂತ ನೋಡಿ. ಪ್ರಿಂಟರನ್ನಂತೂ ಮರೆಯಲೇಬೇಡಿ. ನಮ್ಮ ಆಫೀಸು, ಝೆರಾಕ್ಸ್ ಅಂಗಡಿಗಳಲ್ಲಿ ಕ್ಯಾನನ್ ಎಲ್‌ಬಿಪಿ 2900 ತುಂಬಾ ಕಡೆ ಕಾಣುತ್ತದೆ. ಗಟ್ಟಿ ಯಂತ್ರ, ಆದರೆ ಅದರ ಭಾಷೆಯೇ ಬೇರೆ, ಲಿನಕ್ಸಿನಲ್ಲಿ ಅದನ್ನು ಒಲಿಸಿಕೊಳ್ಳುವುದು ಕಷ್ಟ. ಎಚ್‌ಪಿಯ ಬಹಳಷ್ಟು ಪ್ರಿಂಟರುಗಳು ಸುಲಭವಾಗಿ ನಡೆಯುತ್ತವೆ.

ಎರಡೂ ಓಎಸ್ ಒಟ್ಟಿಗೆ ಇಟ್ಟುಕೊಳ್ಳುವವರಿಗೆ ಒಂದೆರಡು ಎಚ್ಚರಿಕೆ. ವಿಂಡೋಸಿನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದೆಯಾ ನೋಡಿ, ಇದ್ದರೆ ಅದರ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ವಿಂಡೋಸನ್ನು ಪೂರ್ತಿ ಮುಚ್ಚಿಕೊಳ್ಳಲು ಬಿಡದ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಆಮೇಲೆ ವಿಂಡೋಸಿನ ಗಡಿಯಾರ ಐದೂವರೆ ಗಂಟೆ ಹಿಂದೆ ಹೋದರೆ ಗಾಬರಿ ಬೇಡ. ಯಂತ್ರದ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಅಂದುಕೊಳ್ಳುತ್ತದೆ. ಲಿನಕ್ಸಿನಲ್ಲಿ ಒಂದು ಆಜ್ಞೆಯಿಂದ ಸರಿಹೋಗುತ್ತದೆ.

ಮ್ಯಾಕ್ ಬಗ್ಗೆ ಕೇಳುವವರೂ ಇರುತ್ತೀರಿ. 2020ರ ಎಂ1 ಚಿಪ್ಪಿನಿಂದ ಈಚೆಗೆ ಮ್ಯಾಕ್‌ಬುಕ್ ಏರ್ ಒಳ್ಳೆಯ ಯಂತ್ರ. ಫ್ಯಾನೇ ಇಲ್ಲ, ಬ್ಯಾಟರಿ ಚೆನ್ನಾಗಿ ಬರುತ್ತದೆ. ಆದರೆ ರ‍್ಯಾಮ್ ಆಗಲಿ ಸ್ಟೋರೇಜ್ ಆಗಲಿ ಆಮೇಲೆ ಹೆಚ್ಚಿಸಲು ಆಗುವುದಿಲ್ಲ. ಇನ್ನೊಬ್ಬರು ಗೆರೆ ಎಳೆದರು ಅಂತ ಸಿಟ್ಟಾಗಿ ಬಂದವರು ಅಲ್ಲೂ ಇನ್ನೊಬ್ಬರ ಗೆರೆಯೊಳಗೇ ಇರಬೇಕು. ಅದಕ್ಕೆ ನನಗೆ ಅದು ಒಗ್ಗುವುದಿಲ್ಲ.

ಇನ್ನು ಹೊಸ ಲ್ಯಾಪ್‌ಟಾಪ್. ಅಂಗಡಿಯಲ್ಲಿ "ಐ5 ಇದೆ ಸರ್, ರೈಜೆನ್ 5 ಇದೆ ಸರ್" ಅಂತ ಹೇಳುತ್ತಾರೆ. ಅವು ಪ್ರೊಸೆಸರಿನ, ಅಂದರೆ ಯಂತ್ರದ ಮೆದುಳಿನ, ಹೆಸರು. ಪೂರ್ತಿ ನಂಬರ್ ಕೇಳಿ. ಐ5-1235ಯು ಅಂದರೆ ಹನ್ನೆರಡನೇ ತಲೆಮಾರು. ಕೊನೆಯ ಯು ಅಂದರೆ ಕಡಿಮೆ ಕರೆಂಟ್ ತಿನ್ನುವುದು, ಎಚ್ ಅಂದರೆ ಜಾಸ್ತಿ ಶಕ್ತಿ, ಜಾಸ್ತಿ ಬಿಸಿ. ಎಎಂಡಿ ಕಂಪನಿಯ ರೈಜೆನ್ 7000 ಸಾಲಿನಲ್ಲಿ ಮೂರನೇ ಅಂಕಿ ನೋಡಬೇಕು. 7520ಯು ಅನ್ನುವುದರ ಮೂರನೇ ಅಂಕಿ 2. ಅಂದರೆ ಒಳಗಿರುವುದು ಝೆನ್ 2, 2019ರ ವಿನ್ಯಾಸ. 7530ಯು ಝೆನ್ 3. 7640ಯು ಝೆನ್ 4. ಮೊದಲ ಅಂಕಿ ಎಲ್ಲದರಲ್ಲೂ 7 ಇರುವುದರಿಂದ ಎಲ್ಲವೂ ಒಂದೇ ಅನ್ನಿಸುತ್ತದೆ. ಹೀಗೆ ಹೆಸರಿಡುವುದು ಗ್ರಾಹಕರಿಗೆ ಮಾಡುವ ಅನ್ಯಾಯ ಅಂತ ನಾನು ಖಂಡಿತ ಹೇಳುತ್ತೇನೆ.

ಪ್ರೊಸೆಸರಿಗಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. "ರ‍್ಯಾಮ್ ಹಾಕಲು ಸ್ಲಾಟ್ ಇದೆಯಾ?" ತೆಳ್ಳಗಿನ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. 8 ಜಿಬಿ ಬೆಸುಗೆ ಹಾಕಿದ್ದು ತಂದರೆ ಕೊನೆಯವರೆಗೂ 8 ಜಿಬಿಯೇ. ಸ್ಲಾಟ್ ಇಲ್ಲದಿದ್ದರೆ 16 ಇರುವುದನ್ನೇ ತೆಗೆದುಕೊಳ್ಳಿ. ವಿಂಡೋಸ್ 11ಕ್ಕೆ 4 ಜಿಬಿ ಸಾಕು ಅಂತ ಕಾಗದದ ಮೇಲಿದೆ, ಕೆಲಸಕ್ಕೆ ಸಾಲುವುದಿಲ್ಲ.

ನಮ್ಮ ಊರಿನ ಬಿಸಿಲು, ಧೂಳು ಕೂಡ ಲೆಕ್ಕಕ್ಕೆ ಬರಬೇಕು. ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ. ಹಾಸಿಗೆಯ ಮೇಲೆ ಇಟ್ಟರೆ ಕೆಳಗಿನ ಗಾಳಿಕಿಂಡಿ ಮುಚ್ಚಿಹೋಗುತ್ತದೆ. ಬಿಸಿಯಾದ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ನಾವು ಓಎಸ್ ಬೈಯುತ್ತೇವೆ. ಆದ್ದರಿಂದ ಹಿಂಬದಿಯ ಮುಚ್ಚಳ ಸ್ಕ್ರೂ ಬಿಚ್ಚಿ ತೆಗೆಯುವಂತಿರುವ ಲ್ಯಾಪ್‌ಟಾಪ್ ನೋಡಿ, ವರ್ಷಕ್ಕೊಮ್ಮೆ ಧೂಳು ತೆಗೆಸಿ. ಬೇಳೆ ಮಿಲ್ಲಿನ ಆಫೀಸಿನವರು ಇನ್ನೂ ಬೇಗ ತೆಗೆಸಬೇಕು. ವಾರಂಟಿ ಮನೆ ಬಾಗಿಲಿಗೆ ಬಂದು ಮಾಡಿಕೊಡುವುದಾ, ಊರಲ್ಲೇ ಸರ್ವಿಸ್ ಸೆಂಟರ್ ಇದೆಯಾ, ಹೈದರಾಬಾದಿಗೆ ಕಳಿಸಬೇಕಾ ಅಂತ ದುಡ್ಡು ಕೊಡುವ ಮೊದಲೇ ಕೇಳಿ. ಆಳಂದ, ಸೇಡಂ, ಚಿತ್ತಾಪುರದಿಂದ ಬಂದವರು ನಿಮ್ಮ ಪಿನ್‌ಕೋಡ್ ಹೇಳಿಯೇ ವಿಚಾರಿಸಿ.

ದುಡ್ಡು ಕಡಿಮೆ ಇರುವ ವಿದ್ಯಾರ್ಥಿಗಳಿಗೆ ನಾನು ಹೊಸದಕ್ಕಿಂತ ರಿಫರ್ಬಿಶ್ಡ್ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್ ಹೇಳುತ್ತೇನೆ. ಕಂಪನಿಗಳು ಬಳಸಿ ಬಿಟ್ಟವು ಇವು. ಗಟ್ಟಿಯಾಗಿವೆ, ಹೆಚ್ಚಿನ ಮಾದರಿಗಳನ್ನು ಬಿಚ್ಚಿ ರಿಪೇರಿ ಮಾಡಬಹುದು, ಲಿನಕ್ಸ್ ಚೆನ್ನಾಗಿ ನಡೆಯುತ್ತದೆ. ವಿಂಡೋಸ್ 11 ಕೂಡ ಬೇಕಾದರೆ ಎಂಟನೇ ತಲೆಮಾರಿಗಿಂತ ಹಳೆಯದು ಬೇಡ. ಬ್ಯಾಟರಿ ಸವೆದಿರುತ್ತದೆ, ಅದರ ಖರ್ಚನ್ನು ಬೆಲೆಯಲ್ಲಿ ಸೇರಿಸಿಯೇ ಮಾತಾಡಿ. ಹೊಸದೇ ಬೇಕು, ಲಿನಕ್ಸೇ ಹಾಕುತ್ತೇನೆ ಅನ್ನುವವರು ವಿಂಡೋಸ್ ಬದಲು ಉಚಿತ ಫ್ರೀಡಾಸ್ ಇರುವ ಮಾದರಿ ಕೇಳಿ, ಬಳಸದ ವಿಂಡೋಸಿಗೆ ದುಡ್ಡು ಕೊಡುವುದು ಉಳಿಯುತ್ತದೆ.

ಆ ಮೇಜಿನ ಮೇಲೆ ಮಿಂಟ್ ತುಂಬಿದ ಪೆನ್‌ಡ್ರೈವ್‌ಗಳಿವೆ. ಲ್ಯಾಪ್‌ಟಾಪ್ ತಂದವರು ಒಬ್ಬೊಬ್ಬರಾಗಿ ಬನ್ನಿ, ಓಡಿಸಿ ನೋಡೋಣ. ಇವತ್ತು ಯಾರ ಯಂತ್ರದಲ್ಲೂ ಇನ್‌ಸ್ಟಾಲ್ ಮಾಡುವುದಿಲ್ಲ, ಬ್ಯಾಕಪ್ ಮಾಡಿಕೊಂಡು ಬಂದವರನ್ನು ಬಿಟ್ಟು. ನುಡಿ ಫೈಲ್ ತಂದ ಡಿಟಿಪಿಯವರು ಕಿಟಕಿ ಕಡೆಯ ಕಂಪ್ಯೂಟರಿಗೆ ಹೋಗಿ, ಒಂದು ಫೈಲನ್ನು ಯೂನಿಕೋಡಿಗೆ ಬದಲಿಸಿ ತೋರಿಸುತ್ತೇವೆ. ಈಗ ಪ್ರಶ್ನೆ ಕೇಳಿ.